ಸರಿಸಮ ಆಗೋವರೆಗೆ ಆಟ

ಶಾಂತಕ್ಕಾ, ನಿಮ್ಮ ಮೊಮ್ಮಗ ಎಸೆದ ಕವಡೆ ಎರಡು ನಮ್ಮ ಕರಿಬೇವಿನ ಬುಡದಲ್ಲಿ ಬಿದ್ದಿತ್ತು, ತಗೊಳ್ಳಿ. ಚೌಕಾಬಾರದಲ್ಲಿ ಸೋತ ಅಂತ ಅಷ್ಟು ಸಿಟ್ಟೇ! ಬೈಬೇಡಿ ಪಾಪ. ಗೆಲ್ಲಲೇಬೇಕು ಅನ್ನೋದನ್ನ ಮಕ್ಕಳೇನು ಹುಟ್ಟುತ್ತಾ ಕಲಿತಿರ್ತಾವೆಯೇ?

ಪಪುವಾ ನ್ಯೂಗಿನಿಯಲ್ಲಿ ತಂಗು ಅಂತ ಜನ ಇದ್ದಾರೆ. ಅವರದೊಂದು ಆಟ, ಟಕೆಟಕ್ ಅಂತ. ತೆಂಗಿನ ಗರಿ ಕಡ್ಡಿಗಳನ್ನ ಎರಡು ಗುಂಪು ಮಾಡಿ ನೆಲಕ್ಕೆ ನೆಡೋದು. ಎರಡು ಪಕ್ಷದವರೂ ಬುಗುರಿ ಬೀಸಿ ಹೊಡೆಯೋದು, ತಾಗಿದ ಕಡ್ಡಿ ಕಿತ್ತಿಡೋದು. ಇಷ್ಟಾದ ಮೇಲೆ ಹೆಚ್ಚು ಕಿತ್ತವರು ಗೆದ್ದರು ಅಂತ ತಾನೇ ನಾವು ಅನ್ನೋದು? ಅಲ್ಲಿ ಎರಡೂ ಕಡೆ ಸರಿಸಮ ಆಗಬೇಕು, ಆಗಲೇ ಆಟ ಮುಗಿಯೋದು. ಹಿಡಿತ ಇಟ್ಕೊಂಡು ಹೊಡೆಯೋದು ಗೆಲ್ಲೋದಕ್ಕಿಂತ ಕಷ್ಟ ಕಣ್ರೀ. ಕೆನೆಲ್ಮ್ ಬರಿಜ್ ಅನ್ನೋ ಮಾನವಶಾಸ್ತ್ರಜ್ಞರು 1957ರಲ್ಲೇ ಇದನ್ನ ಬರೆದಿಟ್ಟಿದ್ದಾರೆ. ತಿನ್ನೋ ಪದಾರ್ಥ ಕೊಟ್ಟು ತಗೊಳ್ಳೋದರಲ್ಲೂ ಆ ಜನ ಹಾಗೇ ಅಂತೆ, ನಮ್ಮ ಮದುವೆ ಮುಯ್ಯಿ ಥರ, ಬಂದಷ್ಟೇ ವಾಪಸ್ಸು ಹೋಗಬೇಕು.

ಅದೇ ನ್ಯೂಗಿನಿಯ ಗಹುಕು-ಗಾಮ ಜನ ಫುಟ್‌ಬಾಲ್ ಕಲಿತರಂತೆ. ಇಬ್ಬರ ಗೆಲುವೂ ಸಮ ಆಗೋವರೆಗೆ ಎಷ್ಟು ದಿನ ಬೇಕಾದರೂ ಆಡೋರಂತೆ. ಲೆವಿ-ಸ್ಟ್ರಾಸ್ ಅನ್ನೋ ಇನ್ನೊಬ್ಬ ಮಾನವಶಾಸ್ತ್ರಜ್ಞರು ಹೇಳಿರೋ ಮಾತು. ಅಷ್ಟು ದಿನ ಮನೆಗೆಲಸ ಯಾರು ಮಾಡ್ತಿದ್ದರು ಅಂತೀರಾ? ಆ ಪ್ರಶ್ನೆ ನಿಮಗಲ್ಲದೆ ಯಾವ ಪಂಡಿತರಿಗೆ ಹೊಳೀಬೇಕು!

ಅವರು ಹಾಗಿರಲಿ, ಯುರೋಪಿನ ಮಕ್ಕಳನ್ನೇ ನೋಡಿ. ಸ್ವಿಟ್ಜರ್ಲೆಂಡಿನಲ್ಲಿ ಪಿಯಾಜೆ ಅನ್ನೋ ಮನಶ್ಶಾಸ್ತ್ರಜ್ಞ ಮಕ್ಕಳ ಹತ್ತಿರ ಗೋಲಿ ಆಟದ ವಿಚಾರ ಕೇಳ್ತಾ ಹೋದರು. 1932ರಲ್ಲಿ ಪುಸ್ತಕ ಬಂತು. ಪುಟ್ಟವು, ರೂಲ್ಸು ಅಪ್ಪನೋ ದೇವರೋ ಮಾಡಿದ್ದು, ಮುಟ್ಟಬಾರದು ಅಂದವಂತೆ. ಆದರೆ ಆಡೋದು ಮಾತ್ರ ತಂತಮ್ಮ ಇಷ್ಟದ ಹಾಗೆ, ಕೊನೆಗೆ ಎಲ್ಲರೂ ಗೆದ್ದವರೇ! ಹತ್ತು ಹನ್ನೆರಡು ವರ್ಷದವು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂತ ಲಾಯರ್ ಥರ ಮಾತಾಡಿದವು. ನಮ್ಮ ಬೀದಿಯಲ್ಲೂ ಹಾಗೇ ಅಲ್ಲವೇ, ಒಂದೊಂದು ಕ್ರಾಸಿಗೆ ಒಂದೊಂದು ಗೋಲಿ ಕಾನೂನು. ಅಣ್ಣನ ಹಿಂದೆ ಅಳುತ್ತಾ ಬಂದ ಚಿಕ್ಕದನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳೋದು ಯಾವ ದೊಡ್ಡವರು ಹೇಳಿಕೊಟ್ಟಿದ್ದು?

ಇಂಗ್ಲೆಂಡಿನ ಓಪೀ ದಂಪತಿಗಳು ಹತ್ತು ಸಾವಿರಕ್ಕೂ ಮೀರಿದ ಮಕ್ಕಳಿಂದ ಬೀದಿ ಆಟಗಳನ್ನ ಕಲೆಹಾಕಿ 1969ರಲ್ಲಿ ಪುಸ್ತಕ ತಂದರು. ಮಕ್ಕಳು ತಾವೇ ಆಡುವಾಗ ಅಂಪೈರ್ ಬೇಡ, ಸ್ಕೋರೂ ಅಷ್ಟಕ್ಕಷ್ಟೇ ಅಂತ ಅವರೂ ಕಂಡರು. ಸ್ಕೋರು ಬೇಕಾಗಿರೋದು ನಮಗೇ.

ಹಿಂದಿನ ಬೀದಿಯಲ್ಲಿ ಬೇಸಿಗೆ ಶಿಬಿರ ಹಾಕಿದ್ದಾರಲ್ಲ, ಲಗೋರಿ ಹೇಳಿಕೊಡ್ತಾರಂತೆ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಅದಕ್ಕೆ ಫೀಸು, ಟೀ-ಶರ್ಟು, ಸೀಟಿ ಊದೋ ಕೋಚು. ಕೊನೇ ದಿನ ಎಲ್ಲಾ ಮಕ್ಕಳಿಗೂ ಒಂದೇ ಥರ ಮೆಡಲ್ಲು. ಇಲ್ಲದೇ ಹೋದರೆ ಅಪ್ಪ ಅಮ್ಮಂದಿರು ಜಗಳಕ್ಕೆ ಬರ್ತಾರಂತೆ ಶಾಂತಕ್ಕಾ!