ಆ ಭಾನುವಾರ ಯಾರ ಲೆಕ್ಕಕ್ಕೆ?

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ,

ನಾನು ನಿಮ್ಮದೇ ಕಂಪನಿಯ ಅಕೌಂಟ್ಸ್ ಗುಮಾಸ್ತೆ, ಧಾರಾವಿಯಿಂದ ಬರೆಯುತ್ತಿದ್ದೇನೆ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ನಿಮ್ಮ ಗಾಜಿನ ಕಿಟಕಿಯಿಂದ ಮೀಠಿ ನದಿಯಾಚೆ ನೀಲಿ ತಾಡಪತ್ರಿ ಹೊದ್ದ ಸೂರುಗಳು ಕಾಣುತ್ತವಲ್ಲ, ಅಲ್ಲಿಯವಳು. ಮೆಟ್ರೊದ ಮೂರನೇ ಮಾರ್ಗದಲ್ಲಿ ನಿಮಗೂ ನಮಗೂ ನಡುವೆ ಒಂದೇ ನಿಲ್ದಾಣದ ದೂರ. ಬದಲಿ ರಜೆ ಮಾತ್ರ ಅಷ್ಟು ಹತ್ತಿರದಲ್ಲಿ ಸಿಗುವುದಿಲ್ಲ ಎಂಬುದು ನಿನ್ನೆ ಗೊತ್ತಾಯಿತು.

ನಿಮ್ಮ ಕೋಣೆಯ ಹೊರಗಿನ ಸೋಫಾ ಬಲು ಮೆತ್ತಗಿದೆ. ಊಟದ ಹೊತ್ತು ಅದರ ಮೇಲೇ ಕಳೆಯಿತು, ಚಹಾದ ಹೊತ್ತೂ ಕಳೆಯಿತು. ಎದುರಿನ ಗೋಡೆಗೆ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫಲಕ. ನಮ್ಮ ಕಲಬುರಗಿ ಕಡೆ ಬೀಗರು ಜಗಳಕ್ಕೆಂದೇ ಬಂದರೂ ಮೊದಲು ಒಳಗೆ ಕರೆದು ಒಂದು ತಂಬಿಗೆ ನೀರು ಕೊಡುತ್ತೇವೆ. ನಿಮ್ಮ ಕುಟುಂಬದ ರೀತಿ ಬೇರೆ ಇರಬಹುದು. ಕೊನೆಗೆ ನಿಮ್ಮ ಸಹಾಯಕಿ ಹೊರಬಂದು ತಿಳಿಸಿದರು: ಕಳೆದ ಭಾನುವಾರದ ಕಾರ್ಯಾಗಾರಕ್ಕೆ ಬದಲಿ ರಜೆ ಕೊಡಲು ಬರುವುದಿಲ್ಲ. ಅದು ಕೆಲಸವಲ್ಲ, ನಮ್ಮ ಒಳ್ಳೆಯದಕ್ಕೆಂದೇ ನಡೆಸಿದ್ದು.

ಈ ಪತ್ರ ಓದುವ ಬೇರೆಯವರಿಗೂ ಗೊತ್ತಿರಲಿ, ಕಾರ್ಯಾಗಾರದ ವಿಷಯ ‘ಕೆಲಸ ಮತ್ತು ಬದುಕಿನ ಸಮತೋಲನ’. ಹಾಜರಿ ಕಡ್ಡಾಯ.

ಸಾಹೇಬರೇ, ನಾನು ಲೆಕ್ಕ ಬರೆದು ಹೊಟ್ಟೆ ಹೊರೆಯುವವಳು. ಒಂದು ರೂಪಾಯಿ ಬಂದರೂ ಹೋದರೂ ಯಾವುದಾದರೂ ಒಂದು ಖಾತೆಗೆ ಬೀಳಲೇಬೇಕು. ಆ ಭಾನುವಾರ ಕೆಲಸದ ಖಾತೆಗೆ ಬರುವುದಿಲ್ಲ ಎಂದಿರಿ, ಆಯಿತು. ಬದುಕಿನ ಖಾತೆಗೆ ಬರೆಯೋಣವೆಂದರೆ ಆ ಮಧ್ಯಾಹ್ನ ಆಂಟಾಪ್ ಹಿಲ್‌ನಲ್ಲಿ ನನ್ನ ಬಸುರಿ ತಂಗಿಯ ಕುಬಸವಿತ್ತು, ನಾನು ಅಲ್ಲಿರಲಿಲ್ಲ. ಇತ್ತ ಕೆಲಸವೂ ಅಲ್ಲ, ಅತ್ತ ಬದುಕೂ ಅಲ್ಲ. ಇಂಥದಕ್ಕೆ ನಮ್ಮಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಎಲ್ಲಿಗೆ ಸೇರಿದ್ದೆಂದು ತಿಳಿಯದ್ದನ್ನೆಲ್ಲ ತಾತ್ಕಾಲಿಕವಾಗಿ ಅದರೊಳಗೆ ಹಾಕುತ್ತೇವೆ. ಆದರೆ ಮಾರ್ಚ್ 31ರೊಳಗೆ ಅದನ್ನು ಬಗೆಹರಿಸದಿದ್ದರೆ ಆಡಿಟರು ಬಿಡುವುದಿಲ್ಲ. ನಿಮ್ಮ ಮೇಲೆ ಯಾವ ಆಡಿಟರು ಇದ್ದಾರೋ!

ತರಬೇತುದಾರರ ಬಗ್ಗೆ ಎರಡು ಮಾತು. ಬೆಳಗ್ಗೆ ಒಂಬತ್ತೂವರೆಗೆ ನಾವೆಲ್ಲ ಹಿಮಾಲಯದಷ್ಟು ತಣ್ಣಗಿದ್ದ ಆ ಸಭಾಂಗಣದಲ್ಲಿ ಕೈ ಉಜ್ಜಿಕೊಳ್ಳುತ್ತ ಕೂತಿದ್ದೆವು. ಅವರು ಬಂದದ್ದು ಹನ್ನೊಂದು ದಾಟಿದ ಮೇಲೆ. ಬಂದವರೇ ನಗುತ್ತ, ಭಾನುವಾರ ಮಕ್ಕಳ ಜೊತೆಗಿನ ತಿಂಡಿಯನ್ನು ತಾವು ಯಾರಿಗಾಗಿಯೂ ತಪ್ಪಿಸುವುದಿಲ್ಲ ಎಂದರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟದಿದ್ದರೆ ಅದನ್ನೂ ಎಲ್ಲೋ ಬರೆದುಕೊಳ್ಳುತ್ತೀರೆಂಬ ಭಯ. ಆಮೇಲೆ ಅವರು ಬಿಳಿ ಹಲಗೆಯ ಮೇಲೆ ಒಂದು ಗೆರೆ ಎಳೆದು, ಈಚೆ ಮನೆ, ಆಚೆ ಆಫೀಸು, ಈ ಗೆರೆ ದಾಟಲು ಯಾರನ್ನೂ ಬಿಡಬೇಡಿ ಎಂದು ಹೇಳಿಕೊಟ್ಟರು.

ಆ ಗೆರೆಯನ್ನು ನಮ್ಮ ಮನೆಯಲ್ಲಿ ಎಲ್ಲಿ ಎಳೆಯಬೇಕೆಂದು ಅಂದಿನಿಂದ ಹುಡುಕುತ್ತಿದ್ದೇನೆ. ಕೆಳಗೆ ಸೇಠನ ಚರ್ಮದ ಚೀಲದ ಗಾಲಾ, ಮೇಲೆ ನಮ್ಮ ಖೋಲಿ, ನಡುವೆ ಕಬ್ಬಿಣದ ಏಣಿ. ನನ್ನ ಗಂಡ ಕೆಳಗೆ ಹೊಲಿಯುತ್ತಾನೆ, ಮೇಲೆ ಬಂದು ಉಣ್ಣುತ್ತಾನೆ. ಯಂತ್ರದ ಕಟಕಟ ನಮ್ಮ ನೆಲದಿಂದಲೇ ಏಳುವುದು. ಅದು ನಿಂತರೆ ಸಣ್ಣವನಿಗೆ ಎಚ್ಚರವಾಗುತ್ತದೆ. ಬಿಹಾರದ ಕಾರೀಗರ ಹುಡುಗರು ಹಗಲು ಕತ್ತರಿಸಿದ ಚರ್ಮದ ಪಕ್ಕದಲ್ಲೇ ರಾತ್ರಿ ಚಾದರ ಹಾಸುತ್ತಾರೆ. ಕುಂಭಾರವಾಡಾದಲ್ಲಿ ಒಲೆಯ ಮುಂದೆಯೇ ಮಡಕೆಯ ಭಟ್ಟಿ, ತೇರಾ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ವಿಂಗಡಿಸುವವರ ತಲೆಯ ಮೇಲೆಯೇ ಅವರ ಮನೆ. ಓಣಿಯಲ್ಲಿ ಬುಟ್ಟಿ ಬೋರಲು ಹಾಕಿ ಹಪ್ಪಳ ಒಣಗಿಸುವ ಅಕ್ಕಂದಿರಿಗೆ ಅದು ಅಂಗಳವೂ ಹೌದು, ಕಾರಖಾನೆಯೂ ಹೌದು. ನೀವು 2020ರಲ್ಲಿ ‘ಮನೆಯಿಂದ ಕೆಲಸ’ ಎಂದು ದೊಡ್ಡದಾಗಿ ಕಂಡುಹಿಡಿದಾಗ ನಮ್ಮ ಓಣಿಯಲ್ಲಿ ಯಾರಿಗೂ ಬೆರಗಾಗಲಿಲ್ಲ. ಹೇಳಿ, ಗೆರೆ ಎಲ್ಲಿ ಎಳೆಯಲಿ? ಏಣಿಯ ಎಷ್ಟನೆಯ ಮೆಟ್ಟಿಲ ಮೇಲೆ?

ಇದೇನು ಸುಖದ ಬಾಳು ಅಂತ ನಾನು ಹಾಡಿ ಹೊಗಳುತ್ತಿಲ್ಲ. ಸೇಠ ಒಳ್ಳೆಯ ಮನುಷ್ಯನೇ. ಅತ್ತೆ ಸಾಯನ್ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ಹಣ ಕಳಿಸಿದ. ಆ ಹಣ ಮುಂಗಡದ ವಹಿಯಲ್ಲಿ ಇನ್ನೂ ಇದೆ. ಅದು ಇರುವವರೆಗೆ ನನ್ನ ಗಂಡ ಬೇರೆ ಗಾಲಾದ ಕಡೆ ಮುಖ ಹಾಕುವಂತಿಲ್ಲ. ನೀವು ಪ್ರಶ್ನಾವಳಿ ಹಂಚಿ ಅಳೆಯಲು ಒದ್ದಾಡುವ ನಿಷ್ಠೆಯನ್ನು ಅವನು ಒಂದು ವಹಿ, ಒಂದು ಪೆನ್ಸಿಲ್ಲಿನಿಂದ ಸಾಧಿಸಿದ್ದಾನೆ. ಆದರೆ ಒಂದು ಮಾತು: ಸೇಠನಿಗೆ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದಿದೆ ಎಂಬುದು ಗೊತ್ತಿರುತ್ತದೆ. ಕುಬಸಕ್ಕೆಂದು ಆ ಮಧ್ಯಾಹ್ನ ಗಂಡನನ್ನು ಬಿಟ್ಟುಕೊಟ್ಟ. ಮಕ್ಕಳು, ಅತ್ತೆ, ಮಾವ, ಗಂಡ ಎಲ್ಲರೂ ಹೋದರು. ಸಮತೋಲನ ಕಲಿಯುತ್ತಿದ್ದವಳು ನಾನೊಬ್ಬಳೇ ಹೋಗಲಿಲ್ಲ.

ದೊಡ್ಡವರ ಮಾತು ಕೇಳಿ ನೀವು ಹೀಗೆ ಮಾಡುತ್ತೀರೋ ಏನೋ. 2023ರ ಅಕ್ಟೋಬರಿನಲ್ಲಿ ನಮ್ಮ ಕರ್ನಾಟಕದವರೇ ಆದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿದರು. ಭಾನುವಾರವೂ ದುಡಿಸಲು ಆಗುತ್ತಿಲ್ಲವೆಂದು ಮರುಗಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಹೆಂಡತಿಯ ಮುಖ ಬಿಟ್ಟರೆ ನೋಡಲು ಇನ್ನೇನಿದೆ ಎಂದು ನನ್ನ ಗಂಡ ಕೇಳಿದ. ಆ ಕಂಪನಿಯನ್ನು 1938ರಲ್ಲಿ ಇದೇ ಮುಂಬಯಿಯಲ್ಲಿ ಕಟ್ಟಿದವರು ಡೆನ್ಮಾರ್ಕಿನ ಇಬ್ಬರು ಎಂಜಿನಿಯರುಗಳು. ಇವತ್ತಿನ ಡೆನ್ಮಾರ್ಕಿನಲ್ಲಿ ವಾರದ ರೂಢಿಯ ದುಡಿಮೆ 37 ಗಂಟೆ. ಅಲ್ಲಿ ಹೆಂಡಂದಿರ ಮುಖವನ್ನು ಎಷ್ಟು ನೋಡುತ್ತಾರೋ, ದೇಶವೇನೂ ಮುಳುಗಿದ ಹಾಗೆ ಕಾಣೆ.

ಅಭ್ಯಾಸಬಲದಿಂದ ಲೆಕ್ಕ ಹಾಕಿ ನೋಡಿದೆ. ವಾರಕ್ಕೆ 168 ಗಂಟೆ. 90 ಕಳೆದರೆ 78. ರಾತ್ರಿಗೆ 7ರಂತೆ ನಿದ್ದೆಗೆ 49 ಹೋದರೆ ಉಳಿದದ್ದು 29, ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಅದರಲ್ಲಿ ನಸುಕಿನಲ್ಲಿ ಬರುವ ನಲ್ಲಿ ನೀರು ಹಿಡಿಯಬೇಕು, ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಲ್ಲಬೇಕು, ಎರಡು ಹೊತ್ತಿನ ಅಡುಗೆ, ಡಬ್ಬಿ, ಮಕ್ಕಳ ಪಾಠ. 90 ಗಂಟೆ ದುಡಿಯುವ ಗಂಡಸರ ನೀರನ್ನು ಯಾರು ಹಿಡಿಯುತ್ತಾರೆ ಎಂದು ಆ ದೊಡ್ಡವರಲ್ಲಿ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಭಾನುವಾರವೇನೂ ಕಂಪನಿಗಳು ಪ್ರೀತಿಯಿಂದ ಕೊಟ್ಟ ಬಕ್ಷೀಸಲ್ಲ, ಸಾಹೇಬರೇ. ಈ ಊರಿನ ಗಿರಣಿಗಳಲ್ಲಿ ವಾರದ ಏಳೂ ದಿನ ದುಡಿಸುತ್ತಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ಗಿರಣಿ ಕಾರ್ಮಿಕರ ಸಂಘ ಕಟ್ಟಿ, ‘ದೀನಬಂಧು’ ಪತ್ರಿಕೆ ನಡೆಸಿ, ಅರ್ಜಿಯ ಮೇಲೆ ಅರ್ಜಿ ಬರೆದರು. 1884ರಿಂದ ಹಿಡಿದ ಹಟ. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಜನ ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ನಿಂತು ಮಾತಾಡಿದ್ದರು. ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಅಷ್ಟು ಜನ ಅಷ್ಟು ವರ್ಷ ಹೊಡೆದಾಡಿ ಪಡೆದದ್ದನ್ನು ನೀವು ಒಂದು ಈಮೇಲಿನಲ್ಲಿ ತೆಗೆದುಕೊಂಡಿರಿ, ಅದರ ಕೆಳಗೆ ಒಂದು ನಗುವ ಮುಖದ ಚಿತ್ರ ಬೇರೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಯೂ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆ ವಿರಾಮ ಕೊಡಬೇಕೆನ್ನುತ್ತದೆ. ಒಳ್ಳೆಯದಕ್ಕೆಂದು ಕರೆದರೆ ಅದು ಲೆಕ್ಕಕ್ಕಿಲ್ಲ ಎಂದು ಅದರಲ್ಲಿ ಬರೆದದ್ದು ನನಗಂತೂ ಕಾಣಲಿಲ್ಲ. ಇನ್ನು 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಅಂಗಡಿ–ಕಚೇರಿಗಳ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಕಾರ್ಖಾನೆಗಳದ್ದನ್ನು 9ರಿಂದ 12ಕ್ಕೆ ಏರಿಸಲು ಒಪ್ಪಿದೆ. ನಿಮಗೆ ಶುಭವಾಗಲಿ.

ನಿಮ್ಮ ತರಬೇತುದಾರರು ಆ ದಿನ ಪುಣೆಯ ಹೆಸರೆತ್ತಲಿಲ್ಲ. 2024ರಲ್ಲಿ ಅಲ್ಲಿನ ದೊಡ್ಡ ಕಚೇರಿಯೊಂದಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಲೆಕ್ಕಪರಿಶೋಧಕಿ ಹುಡುಗಿ ತೀರಿಕೊಂಡಳು. ಕೆಲಸದ ಹೊರೆಯೇ ಮಗಳನ್ನು ತಿಂದಿತು, ಮಣ್ಣಿಗೂ ಕಚೇರಿಯಿಂದ ಒಬ್ಬರೂ ಬರಲಿಲ್ಲ ಎಂದು ತಾಯಿ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದರು. ಒತ್ತಡದಿಂದ ಹೀಗಾಯಿತೆಂಬುದನ್ನು ಕಂಪನಿ ಒಪ್ಪಲಿಲ್ಲ. ನಾನು ವೈದ್ಯೆಯಲ್ಲ, ಕಾರಣ ಹೇಳಲಾರೆ. ಆದರೆ ಮಣ್ಣಿಗೂ ಬಾರದವರು ‘ನಾವೆಲ್ಲ ಒಂದೇ ಕುಟುಂಬ’ ಎಂದು ಯಾವ ಬಾಯಿಂದ ಹೇಳುವುದು? ಅದನ್ನು ಗೋಡೆಗೆ ಹಾಕಲು ನಾಚಿಕೆಯಾಗಬೇಕು. ಆ ಹುಡುಗಿಯೂ ಲೆಕ್ಕದವಳು, ನಮ್ಮವಳು.

ಸಿಬ್ಬಂದಿಯ ಬದ್ಧತೆ ಏಕೆ ಕುಸಿಯುತ್ತಿದೆ ಎಂಬುದಕ್ಕೆ ನಿಮ್ಮ ಪ್ರಶ್ನಾವಳಿಯಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟಿದ್ದೀರಿ. ಅದು ಸಾಲದು, ಇಲ್ಲೇ ಬರೆಯುತ್ತೇನೆ. ನಮ್ಮ ವಿಭಾಗದ ಹಿಂದಿನ ಮುಖ್ಯಸ್ಥರು ಉಡುಪಿ ಕಡೆಯವರು. ಹುಡುಗನಾಗಿ ಈ ಊರಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು. ಸಂಜೆ ಏಳಕ್ಕೆ ತಮ್ಮನ್ನು ಶಾಲೆಗೆ ಬಿಟ್ಟ ಮಾಲೀಕನ ಹೆಸರನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ನನ್ನ ಮುಖ ನೋಡಿಯೇ, ‘ನೀವು ಹೊರಡಿ ಮಾರಾಯ್ರೆ, ಬಿಲ್ಲು ನಾಳೆಯೂ ಇಲ್ಲೇ ಇರ್ತದೆ’ ಅನ್ನುತ್ತಿದ್ದರು. ಮಾರ್ಚ್ ಕೊನೆಯಲ್ಲಿ ಅವರು ಬಾಯಿಬಿಟ್ಟು ಕೇಳದೆಯೇ ಇಡೀ ವಿಭಾಗ ಕೊನೆಯ ಲೋಕಲ್ಲಿನವರೆಗೆ ಕೂರುತ್ತಿತ್ತು. ಅವರ ಜಾಗಕ್ಕೆ ಬಂದವರು ರಾತ್ರಿ ಹನ್ನೊಂದಕ್ಕೆ ‘ಸೌಮ್ಯವಾಗಿ ನೆನಪಿಸುತ್ತಿದ್ದೇನೆ’ ಎಂದು ಸಂದೇಶ ಕಳಿಸುತ್ತಾರೆ. ಅದು ಬಂತೆಂದರೆ ಖೋಲಿಯಲ್ಲಿ ಎಲ್ಲರ ನಿದ್ದೆಯೂ ಸೌಮ್ಯವಾಗಿ ಹಾರುತ್ತದೆ. ಈಗ ಆರು ಹೊಡೆದರೆ ನಮ್ಮ ಸಾಲಿನಲ್ಲಿ ಕುರ್ಚಿಗಳು ಖಾಲಿ. ಇದನ್ನು ತಿಳಿಯಲು ಸಮೀಕ್ಷೆ ಬೇಕಿತ್ತೆ? ಕಂಪನಿಯೊಳಗಿನ ಸಂಚುಗಳು ಒಬ್ಬ ಮನುಷ್ಯನನ್ನು ಹೇಗೆ ಬೇಟೆಯಾಡುತ್ತವೆಂದು ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಕೂತು 1979ರಲ್ಲೇ ‘ಶಿಕಾರಿ’ ಕಾದಂಬರಿ ಬರೆದಿಟ್ಟಿದ್ದಾರೆ. ನಿಮ್ಮ ಸಮೀಕ್ಷೆಯ ಸಲಹೆಗಾರರ ಬಿಲ್ಲು ನನ್ನ ಕೈಮೇಲೇ ಹಾದುಹೋಗಿದೆ. ಆ ದುಡ್ಡಿಗೆ ಇಡೀ ಕಟ್ಟಡಕ್ಕೆ ಆ ಕಾದಂಬರಿಯ ಒಂದೊಂದು ಪ್ರತಿ ಹಂಚಬಹುದಿತ್ತು.

ಗೆರೆ ಎಳೆಯುವ ಕೆಲಸವನ್ನು ಈಗ ಸರಕಾರವೂ ಕೈಗೆತ್ತಿಕೊಂಡಿದೆ. ಧಾರಾವಿಯ ಪುನರಭಿವೃದ್ಧಿಯಲ್ಲಿ, 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿದ್ದವರಿಗೆ ಇಲ್ಲೇ 350 ಚದರಡಿಯ ಮನೆ. ನಮ್ಮಂತೆ ಏಣಿ ಹತ್ತಿ ಇರುವವರಿಗೆ ಧಾರಾವಿಯ ಹೊರಗೆ. ಕೆಳಗಿನ ಕೆಲಸ ಒಂದು ಕಡೆ, ಮೇಲಿನ ಬದುಕು ಇನ್ನೊಂದು ಕಡೆ. ತರಬೇತುದಾರರು ಕೇಳಿದರೆ ಸಂತೋಷಪಟ್ಟಾರು.

ಇದೆಲ್ಲ ಹಾಗಿರಲಿ. ನನಗೆ ಬೇಕಿದ್ದದ್ದು ಇದು ಯಾವುದೂ ಅಲ್ಲ. ನಮ್ಮ ತಾಯಿ ಇಲ್ಲ. ತಂಗಿಯ ಕುಬಸದಲ್ಲಿ ತಾಯಿಯ ಜಾಗದಲ್ಲಿ ನಿಂತು ಉಡಿ ತುಂಬಬೇಕಾದವಳು ನಾನು. ಹಸಿರು ಸೀರೆ ನಾನೇ ತಂದದ್ದು, ಬಳೆ ನಾನೇ ಆರಿಸಿದ್ದು. ತುಂಬಿದವಳು ಅವಳ ನಾದಿನಿ. ತಂಗಿ ಅಂದಿನಿಂದ ಫೋನ್ ಎತ್ತುತ್ತಿಲ್ಲ. ಕಾರ್ಯಾಗಾರದ ಕೊನೆಗೆ ಕೊಟ್ಟ ಫಾರಂನಲ್ಲಿ ‘ಈ ವಾರ ಕುಟುಂಬದೊಂದಿಗೆ ಕಳೆದ ಗುಣಮಟ್ಟದ ಸಮಯ’ ಎಂದು ಕೇಳಿದ್ದೀರಿ, ಅಲ್ಲಿ ಏನು ಬರೆಯಲಿ? ಸಸ್ಪೆನ್ಸ್ ಅಕೌಂಟ್ ಎಂದು ಬರೆದು ಕೊಟ್ಟಿದ್ದೇನೆ. ಬಗೆಹರಿಸುವ ಜವಾಬ್ದಾರಿ ನಿಮ್ಮದು.

ಈಗ ಮುಂದಿನ ತಿಂಗಳು ‘ಕುಟುಂಬ ದಿನ’ವಂತೆ, ಅದೂ ಭಾನುವಾರವೇ. ಮನೆಯವರನ್ನು ಕರೆತಂದು ಆಫೀಸು ತೋರಿಸಬಹುದು, ಆದರೆ ಒಬ್ಬ ಸಿಬ್ಬಂದಿಗೆ ಎರಡೇ ಪಾಸ್ ಎಂದು ಸುತ್ತೋಲೆ ಬಂದಿದೆ. ಗಂಡ, ಇಬ್ಬರು ಮಕ್ಕಳು, ಅತ್ತೆ, ಮಾವ. ಇವರಲ್ಲಿ ಯಾರು ಕುಟುಂಬ, ಯಾರು ಅಲ್ಲ ಎಂದು ನಮ್ಮ ಖೋಲಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಕ್ಕಳಿಗೆ ಲಿಫ್ಟ್ ನೋಡುವ ಆಸೆ. ಅತ್ತೆ ಮಾತ್ರ ಪಟ್ಟು ಬಿಟ್ಟಿಲ್ಲ: ‘ಯವ್ವಾ, ಯಾರ ಹೆಸರರ ತೆಗಿ, ನಂದು ಇಡು. ನಿಮ್ಮ ಸಾಹೇಬಗ ಅಕ್ಕ–ತಂಗೇರು ಅದಾರೋ ಇಲ್ಲೋ, ನಾ ಒಮ್ಮಿ ಕೇಳೂದದ.’ ಆಕೆಗೆ ಮಂಡಿನೋವು, ಸೋಫಾದ ಮೇಲೆ ಬಹಳ ಹೊತ್ತು ಕೂರಿಸಿದರೆ ಮಾತು ಇನ್ನಷ್ಟು ಹರಿತವಾಗುತ್ತದೆ. ಒಂದು ಪಾಸ್ ಆಕೆಯ ಹೆಸರಿಗೆ ಮಾಡಿಸಿ, ಇನ್ನೊಂದನ್ನು ಖಾಲಿ ಬಿಡಿ.

ಇಂತಿ,
ನಿಮ್ಮ ಕುಟುಂಬದವಳೇ ಆದ,
ಮೂರನೆಯ ಮಹಡಿಯ ಗುಮಾಸ್ತೆ