ವೈನ್ ಪ್ರವಾಸ: ಬಳಸುವ ಮುನ್ನ ಓದಿ

ಈ ಕೈಪಿಡಿ ಇಟಲಿಯೆಂಬ ಬೂಟಿನ ಹಿಮ್ಮಡಿಗೆ, ಅಂದರೆ ಪುಲಿಯಾ ಸೀಮೆಗೆ, ದ್ರಾಕ್ಷಿತೋಟ ನೋಡಲು ಹೊರಟವರಿಗೆ. ಟಸ್ಕನಿಗೆ ಟಿಕೆಟ್ ತೆಗೆಸಿದವರು ಓದು ಇಲ್ಲಿಗೇ ನಿಲ್ಲಿಸಬಹುದು. ಅವರಿಗೆ ಕೈಪಿಡಿಗಳ ಬರವಿಲ್ಲ.

ಮೊದಲು ಗುಂಪಿನಲ್ಲಿ ಕುಡಿಯದ ಒಬ್ಬರನ್ನು ಹುಡುಕಿ ಸ್ಟೀರಿಂಗ್ ಒಪ್ಪಿಸಿ. ಲೀಟರ್ ರಕ್ತದಲ್ಲಿ 0.5 ಗ್ರಾಂ ಆಲ್ಕೋಹಾಲ್ ದಾಟಿದವರು ಅಲ್ಲಿ ಕಾರು ಓಡಿಸುವಂತಿಲ್ಲ; ಮಂಡೂರಿಯಾದ ಪ್ರಿಮಿಟಿವೋ ವೈನೋ, ಶೇಕಡಾ 14ಕ್ಕೆ ಸಲೀಸಾಗಿ ಏರುವ ಸರಕು. ಆ ಪುಣ್ಯಾತ್ಮರಿಂದ ಊಟದ ಬಿಲ್ಲಿನಲ್ಲಿ ಪಾಲು ಕೇಳಬೇಡಿ. ಮಧ್ಯಾಹ್ನ ಯಾವ ಬಾಗಿಲನ್ನೂ ತಟ್ಟಬೇಡಿ. ಊರಿಗೆ ಊರೇ ಮಲಗಿರುತ್ತದೆ.

ತೋಟಕ್ಕೆ ಕಾಲಿಟ್ಟಾಗ "ಬಳ್ಳಿ ಎಲ್ಲಿ?" ಎನ್ನಬೇಡಿ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರ ನೋಡಿ ಬೆಳೆದ ಕಣ್ಣಿಗೆ ಅವು ಕಾಣಿಸುವುದೇ ಇಲ್ಲ. ಕೆಂಪು ಮಣ್ಣಿನಲ್ಲಿ ಸೊಂಟದೆತ್ತರದ ಗಿಡ್ಡ ಪೊದೆಗಳಂತೆ, ಚಪ್ಪರ ತಂತಿಗಳ ಆಸರೆಯಿಲ್ಲದೆ, ತಮ್ಮ ಗೊಂಚಲಿಗೆ ತಾವೇ ನೆರಳು ಹಿಡಿದು ನಿಂತಿರುತ್ತವೆ. ಇದಕ್ಕೆ ಆಲ್ಬೆರೆಲ್ಲೋ ಪದ್ಧತಿ ಎನ್ನುತ್ತಾರೆ. ಇಳುವರಿ ಕಡಿಮೆ, ಕೈಗೆಲಸ ಹೆಚ್ಚು. ಬಳ್ಳಿ ಕಿತ್ತವರಿಗೆ ಯುರೋಪಿನ ಒಕ್ಕೂಟ ದುಡ್ಡು ಕೊಟ್ಟ ಕಾಲದಲ್ಲಿ ಇಂಥ ಹಳೆಯ ತೋಟಗಳು ಎಷ್ಟೋ ನೆಲಸಮವಾದವು. ಉಳಿಸಿಕೊಂಡವರ ಮುಂದೆ ಉತ್ತರ ಇಟಲಿಯ ಬರೋಲೋ ವೈನಿನ ಗುಣಗಾನ ಮಾಡಬೇಡಿ. ಇಲ್ಲಿಯ ಗಾಢ ವೈನು ದಶಕಗಟ್ಟಲೆ ಟ್ಯಾಂಕರುಗಳಲ್ಲಿ ಉತ್ತರಕ್ಕೆ ಹೋಗಿ, ಹೆಸರಿಲ್ಲದೆ, ಅಲ್ಲಿನ ತೆಳು ವೈನಿಗೆ ಮೈ ತುಂಬಿಸಿದೆ.

ಈಗ ಕುಡಿಯುವ ವಿಧಾನ. ಗ್ಲಾಸನ್ನು ಕಾಲಿನಲ್ಲಿ ಹಿಡಿಯಿರಿ (ಗ್ಲಾಸಿನ ಕಾಲು, ನಿಮ್ಮದಲ್ಲ). ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ, ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಪಕ್ಕದ ಬಕೆಟ್ಟಿಗೆ ಉಗುಳಿ. ಎಂಜಲು, ಮುಸುರೆ ಎಂದು ಗದರಿಸಿಕೊಂಡು ಬೆಳೆದವರಿಗೆ ಕಷ್ಟದ ಹೆಜ್ಜೆ ಇದೇ. ಆದರೂ ಉಗುಳಿ. ನಾಚಿಕೊಂಡು ನುಂಗಿದವರಿಗೆ ಮೂರನೆಯ ತೋಟ ಕಂಡದ್ದಿಲ್ಲ. ನಡುನಡುವೆ ತರಾಲ್ಲಿ ಮೆಲ್ಲಿ: ಹಿಟ್ಟಿಗೆ ಆಲಿವ್ ಎಣ್ಣೆ ಹಾಕಿ, ಉಂಗುರ ಸುತ್ತಿ, ನೀರಲ್ಲಿ ಕುದಿಸಿ ಬೇಯಿಸಿದ, ನಮ್ಮ ಕೋಡುಬಳೆಯ ಖಾರವಿಲ್ಲದ ತಮ್ಮ. ಸಸ್ಯಾಹಾರಿಗಳು ಫಾವೆ ಎ ಚಿಕೋರಿಯಾ ಕೇಳಿ. ಒಣ ಅವರೆಯ ಜಾತಿಯ ಕಾಳನ್ನು ನುಣ್ಣಗೆ ಬೇಯಿಸಿ, ಕಹಿ ಸೊಪ್ಪಿನ ಜೊತೆ ಬಡಿಸುತ್ತಾರೆ. ಓರೆಕ್ಕಿಯೆತ್ತೆ ಪಾಸ್ತಾ ತರಿಸುವ ಮುನ್ನ ಮಾತ್ರ ವಿಚಾರಿಸಿ, ಸೊಪ್ಪಿನಡಿ ಮೀನು ಅಡಗಿರುತ್ತದೆ.

ದೋಷ: ಪಕ್ಕದ ಅಮೆರಿಕನ್ ಪ್ರಿಮಿಟಿವೋ ಹೀರಿ, "ಇದು ನಮ್ಮ ಜಿನ್‌ಫಂಡೆಲ್" ಎನ್ನುತ್ತಾರೆ. ಪರಿಹಾರ: ಡಿಎನ್ಎ ಪರೀಕ್ಷೆಯಂತೆ ಎರಡೂ ಒಂದೇ ತಳಿ, ಮೂಲ ಕ್ರೊಯೇಷಿಯಾದ ಕರಾವಳಿ ಎಂದು ತಿಳಿಸಿ ಅವರನ್ನೂ ತೋಟದವರನ್ನೂ ಸುಮ್ಮನಾಗಿಸಿ.

ದೋಷ: ಎಲ್ಲ ವೈನೂ ಒಂದೇ ಥರ. ಕಾರಣ: ಐದನೆಯ ಗ್ಲಾಸು. ಪರಿಹಾರ: ನೀರು.

ಕೊನೆಯದಾಗಿ ಖರೀದಿ. ಸುಂಕವಿಲ್ಲದೆ ಭಾರತಕ್ಕೆ ತಲೆಗೆ 2 ಲೀಟರ್, ಅಂದರೆ ಎರಡೇ ಬಾಟಲಿ. ಒಂದು ಮಂಡೂರಿಯಾದ್ದಾಗಲಿ. ಇನ್ನೊಂದಕ್ಕೆ ಪಕ್ಕದ ಬಸಿಲಿಕಾತಾಗೆ ಹೋಗಿ, ವುಲ್ತುರೆ ಎಂಬ ಆರಿದ ಜ್ವಾಲಾಮುಖಿಯ ಮಗ್ಗುಲಲ್ಲಿ ಬೆಳೆದ ಅಲ್ಯಾನಿಕೋ ತನ್ನಿ. ಎಳೆಯದಿದ್ದರೆ ಒಗರು ನಾಲಿಗೆ ಕಚ್ಚುತ್ತದೆ. ಕೆಲವು ವರ್ಷ ಬೀರುವಿನಲ್ಲಿಟ್ಟು, ಕೀಲಿಕೈ ಆ ಕುಡಿಯದ ಸ್ನೇಹಿತರ ಕೈಗೆ ಕೊಡಿ.