ಚೆನ್ನೈ ಜಿಪಿಒ ಕಟ್ಟಡದ ಸನ್ನಿಧಾನಕ್ಕೆ

ಮಹಾರಾಜಶ್ರೀ ಚೆನ್ನೈ ಪ್ರಧಾನ ಅಂಚೆ ಕಚೇರಿ ಕಟ್ಟಡದವರ ಸನ್ನಿಧಾನಕ್ಕೆ, ದಿಂಡಿಗಲ್ಲಿನಿಂದ ಕನ್ನಡ ಮನೆಮಾತಿನ ಬಡವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊದಲು ತಮ್ಮ ವಂಶಾವಳಿಗೆ ಕೈಮುಗಿಯುತ್ತೇನೆ. 1786ರ ಜೂನ್ 1ರಂದು ಸೇಂಟ್ ಜಾರ್ಜ್ ಕೋಟೆಯಲ್ಲಿ ಮದ್ರಾಸಿನ ಅಂಚೆ ಕಚೇರಿ ಬಾಗಿಲು ತೆರೆದಾಗ ನಮ್ಮ ದಿಂಡಿಗಲ್ಲು ಟಿಪ್ಪುವಿನ ಕೈಯಲ್ಲಿತ್ತು. ಹೈದರಾಲಿ 1755ರಲ್ಲೇ ಇಲ್ಲಿಗೆ ಫೌಜುದಾರನಾಗಿ ಬಂದಿದ್ದ. ಆ ತಂದೆ-ಮಗನ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಹೂಡಿದ ಅಂಚೆಗೆ ಆಗಲೇ ನೂರು ದಾಟಿತ್ತು. ಆದರೂ ಹಿರಿತನದ ಪಟ್ಟ ತಮಗೇ ಸಂದಿದೆ. ಕಿರಿಯರಾದ ನಾವು ತಕರಾರು ಮಾಡುವುದುಂಟೆ? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ನಮ್ಮನ್ನೂ ಕಂಪನಿಗೆ ಬರೆದುಕೊಟ್ಟರು. ನಮ್ಮ ಒಪ್ಪಿಗೆ ಕೇಳಿದ ಕಾಗದ ಇನ್ನೂ ಕೈಸೇರಿಲ್ಲ. ಟಪಾಲಿನಲ್ಲಿರಬೇಕು.

ತಮ್ಮ ಕೆಂಪು ಇಟ್ಟಿಗೆಯ ಚೆಲುವನ್ನು ಹೊಗಳಲು ಮಾತು ಸಾಲದು. ರಾಬರ್ಟ್ ಚಿಸಮ್ ಸಾಹೇಬರು ಇಂಡೋ-ಸಾರ್ಸೆನಿಕ್ ಶೈಲಿಯಲ್ಲಿ ವಿನ್ಯಾಸ ಮಾಡಿದರು, 1884ರಲ್ಲಿ ತಾವು ಸಿದ್ಧವಾದಿರಿ. ಮುಖ ಬಂದರಿನ ಕಡೆಗೆ, ಬೆನ್ನು ನಮ್ಮ ಕಡೆಗೆ. ದೊರೆಗಳು ಹಡಗಿನಿಂದ ಇಳಿಯುತ್ತಿದ್ದುದು ಅಲ್ಲೇ ಅಲ್ಲವೇ! ಗೋಪುರಗಳ ನೆತ್ತಿಗೆ ಸಾಹೇಬರು ಕೇರಳದ ಮಾದರಿಯ ಮಾಡು ಹೊದಿಸಿದ್ದರು. ಅದನ್ನೂ ಕಳೆದುಕೊಂಡು ತಾವು ಬೋಳುನೆತ್ತಿಯಲ್ಲೇ ಗಾಂಭೀರ್ಯ ಕಾಯ್ದುಕೊಂಡಿದ್ದೀರಿ. 2000ದ ಅಕ್ಟೋಬರಿನಲ್ಲಿ ಮೈಗೆ ಬೆಂಕಿ ಹತ್ತಿಸಿಕೊಂಡು, ಪಾರಂಪರಿಕ ಕಟ್ಟಡಗಳನ್ನು ನಾವು ಕಾಯುವ ಪರಿಗೆ ಬೆಳಕು ಚೆಲ್ಲಿದ ಉಪಕಾರವೂ ತಮ್ಮದೇ.

ತಾವು ತಲೆಯೆತ್ತಿದ ಐದೇ ವರ್ಷಕ್ಕೆ, 1889ರಲ್ಲಿ, ತಮ್ಮ ಇಲಾಖೆ ಮೈಸೂರಿನ ಅಂಚೆಯನ್ನು ಹೊಟ್ಟೆಗೆ ಹಾಕಿಕೊಂಡಿತು. ಇನ್ನೂರ ಹದಿನೇಳು ವರ್ಷದ ಊಟ, ಒಂದೇ ತುತ್ತು. ಅಂಥ ಜೀರ್ಣಶಕ್ತಿಗೆ ಶರಣು.

ಆ ಹಸಿವು ಈಗಲೂ ಇಂಗಿಲ್ಲವೆಂದು ತಿಳಿದು ಸಂತೋಷವಾಯಿತು. 2013ರ ಜುಲೈನಲ್ಲಿ ತಮ್ಮ ದಾಯಾದಿ ತಂತಿ ತೀರಿಕೊಂಡಿತು. ಸುದ್ದಿ ತಿಳಿಸಲು ತಂತಿಯೇ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಹೋಯಿತು. ಗಡಿಯಾಚೆ ಕೂತು ಬೆಂಗಳೂರಿನ ಪುಸ್ತಕಕ್ಕೆ ಕಾಯುವವರ ಕಣ್ಣಿಗೆ ವಿಶ್ರಾಂತಿ ಕೊಟ್ಟಿದ್ದಕ್ಕೆ ಕೃತಜ್ಞತೆಗಳು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಕರಗಿಸಿದರು. ನಿಧಾನವಾಗಿ, ಭದ್ರವಾಗಿ, ಅಗ್ಗವಾಗಿ ತಲುಪಬೇಕೆಂಬ ನಮ್ಮ ಹಳ್ಳಿಗಾಡಿನ ದುರಾಸೆಗೆ ಸರಿಯಾದ ಮದ್ದು.

ಸಿಟ್ಟಾಗದಿದ್ದರೆ ಎರಡು ವಿನಂತಿಗಳು. ಚಿಸಮ್ ಸಾಹೇಬರ ಮಾಡುಗಳನ್ನು ನೆತ್ತಿಗೆ ಮರಳಿ ಹಾಕಿಸಿಕೊಳ್ಳಿ. ಎಲ್ಲ ಬಗೆಯ ಪುಸ್ತಕಕ್ಕೂ ಅಗ್ಗದ ದರವನ್ನು ಮತ್ತೆ ಕೊಡಿಸಿ. ಕಟ್ಟಡವನ್ನು ಪರಂಪರೆಯೆಂದು ಪೂಜಿಸಿ, ಅದರೊಳಗಿನ ಕೆಲಸವನ್ನು ಮಾತ್ರ ನಷ್ಟವೆಂದು ಹೊರಹಾಕುವುದು ಯಾವ ಊರಿನ ನ್ಯಾಯವೂ ಅಲ್ಲ. ಉತ್ತರ ಬರೆಯುವ ಕೃಪೆಯಾದರೆ ಐವತ್ತು ಪೈಸೆಯ ಕಾರ್ಡು ಸಾಕು.

ಇಂತಿ ತಮ್ಮ ವಿಧೇಯ,
ದಿಂಡಿಗಲ್ 624001